ತಾರಸಿ ತೋಟದ ಸೊಪ್ಪುಗಳಿಂದ ಬೇಸಿಗೆಯ ಕಾಕ್‌ಟೇಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಅರ್ಧ ಕಳೆಯುವ ಹೊತ್ತಿಗೆ ಬೆಂಗಳೂರಿನ ತಾರಸಿಗಳು ಸಂಜೆ ಏಳಾದರೂ ಕಾವು ಬಿಡುತ್ತಲೇ ಇರುತ್ತವೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿಯೂ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅದೇ ತಾರಸಿಯ ಕುಂಡಗಳಲ್ಲಿ ಬೆಳೆದ ಪುದೀನ, ಕಾಮಕಸ್ತೂರಿ, ಮಜ್ಜಿಗೆಹುಲ್ಲುಗಳಿಂದ ತಂಪಾದ ಕಾಕ್‌ಟೇಲ್ ಮಾಡುವುದು ಹೇಗೆಂದು ಗೆಳೆಯರು, ನೆಂಟರು, ಅಕ್ಕಪಕ್ಕದ ಮನೆಯವರು ಪ್ರತಿ ಬೇಸಿಗೆಯಲ್ಲಿಯೂ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಮದ್ಯ ಮುಟ್ಟದವರಿಗೂ ಬಹುಪಾಲು ಉತ್ತರಗಳು ಉಪಯೋಗಕ್ಕೆ ಬರುತ್ತವೆ. ಏಕೆಂದರೆ ನಾನು ಅನುಸರಿಸುವ ಕ್ರಮದಲ್ಲಿ ಮೊದಲು ಸಿದ್ಧವಾಗುವುದು ಪಾನಕ, ಮದ್ಯ ಸೇರುವುದು ಕೊನೆಯಲ್ಲಿ, ಅದೂ ಬೇಕಾದವರ ಲೋಟಕ್ಕೆ ಮಾತ್ರ.

ಕಾಕ್‌ಟೇಲ್ ಎಂದರೆ ಬಾರ್‌ನಲ್ಲಿ ತರಬೇತಿ ಪಡೆದವರ ಕೆಲಸವಲ್ಲವೇ? ಮನೆಯಲ್ಲಿ ಮಾಡಲು ಸಾಧ್ಯವೇ?

ರಾಮನವಮಿಯ ದಿನ ಪಾನಕ ಮಾಡಿದ ಯಾರಿಗೇ ಆದರೂ ಸಾಧ್ಯ. ಬೆಲ್ಲದ ಸಿಹಿ, ನಿಂಬೆಯ ಹುಳಿ, ಏಲಕ್ಕಿಯ ಪರಿಮಳ, ಕಾಳುಮೆಣಸು ಮತ್ತು ಒಣಶುಂಠಿಯ ಖಾರ, ಇವೆಲ್ಲವನ್ನೂ ಹದಕ್ಕೆ ತರುವ ನೀರು: ಪಾನಕದ ಲೆಕ್ಕ ಇಷ್ಟೇ. ಜಗತ್ತಿನ ಬಾರ್‌ಗಳಲ್ಲಿ ಸಾವರ್ ಎಂದು ಕರೆಯಲಾಗುವ ಕಾಕ್‌ಟೇಲ್‌ಗಳ ದೊಡ್ಡ ಕುಟುಂಬವೂ ಸಿಹಿ, ಹುಳಿ, ಮದ್ಯ ಈ ಮೂರರ ಹದದ ಮೇಲೆಯೇ ನಿಂತಿದೆ. ಕ್ಯೂಬಾದ ಮೊಹಿಟೊ ಪಾನೀಯವನ್ನೇ ತೆಗೆದುಕೊಳ್ಳಿ. ಅದರಲ್ಲಿರುವುದು ಸಕ್ಕರೆ, ನಿಂಬೆಯ ಜಾತಿಯ ಹಣ್ಣಿನ ರಸ, ಪುದೀನ, ಬಿಳಿ ರಮ್ ಮತ್ತು ಸೋಡಾ. ಪಾನಕದಲ್ಲಿ ಸಿಹಿ ಮುಂದಾದರೆ ಅಜ್ಜಿ ಒಂದು ಹೋಳು ನಿಂಬೆ ಹಿಂಡುತ್ತಿದ್ದರಲ್ಲ, ಆ ನಾಲಗೆಯ ತಿಳಿವಳಿಕೆಯೇ ಇಲ್ಲಿಯೂ ಸಾಕು.

ಮೊದಲ ಸಲ ಮಾಡುವವರು ನೆಚ್ಚಬಹುದಾದ ಒಂದು ಅಳತೆಯನ್ನು ಹೇಳುವಿರಾ?

ಒಂದು ಎತ್ತರದ ಲೋಟಕ್ಕೆ ಎಂಟು ಹತ್ತು ಪುದೀನ ಎಲೆ, ನಾಲ್ಕೈದು ಕಾಮಕಸ್ತೂರಿ ಎಲೆ, ಎಳೆ ಸೌತೆಕಾಯಿಯ ನಾಲ್ಕು ತೆಳು ಬಿಲ್ಲೆ, 20 ಮಿ.ಲೀ. ನಿಂಬೆರಸ, ಅಷ್ಟೇ ಸಕ್ಕರೆ ಪಾಕ, 45 ಮಿ.ಲೀ. ಜಿನ್, 90 ಮಿ.ಲೀ. ಸೋಡಾ, ಎರಡು ಬೆರಳ ತುದಿಗೆ ಅಂಟುವಷ್ಟು ಉಪ್ಪು ಮತ್ತು ಲೋಟದ ತುಂಬ ಐಸ್ ಬೇಕು. ರಸವತ್ತಾದ ಒಂದು ನಿಂಬೆಹಣ್ಣು ಸಾಮಾನ್ಯವಾಗಿ 15ರಿಂದ 20 ಮಿ.ಲೀ. ರಸ ಕೊಡುತ್ತದೆ. ಸೌತೆಕಾಯಿಯ ಒಂದು ಬಿಲ್ಲೆಯನ್ನು ಮೊದಲೇ ಬಾಯಿಗೆ ಹಾಕಿಕೊಂಡು ನೋಡಿ. ಕಹಿ ಕಾಯಿ ಸೇರಿದರೆ ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ದಪ್ಪ ತಳದ ಪಾತ್ರೆಯಲ್ಲಿ ಸೌತೆಕಾಯಿ, ಉಪ್ಪು ಮತ್ತು ಪಾಕವನ್ನು ಹಾಕಿ, ಕಾಯಿಯ ನೀರು ಬಿಡುವಂತೆ ಚೆನ್ನಾಗಿ ಜಜ್ಜಿ. ಆ ಬಳಿಕವೇ ಎಲೆಗಳನ್ನು ಹಾಕಿ, ನಾಲ್ಕೈದು ಸಲ ಮೆಲ್ಲಗೆ ಒತ್ತಿ. ನಿಂಬೆರಸ ಬೆರೆಸಿ ಎರಡು ನಿಮಿಷ ಬಿಟ್ಟು, ಐಸ್ ತುಂಬಿದ ಲೋಟಕ್ಕೆ ಸೋಸಿಕೊಳ್ಳಿ. ಈ ಹಂತದಲ್ಲಿ ಲೋಟದಲ್ಲಿರುವುದು ಶುದ್ಧ ಪಾನಕ. ಬೇಕಾದವರ ಲೋಟಕ್ಕೆ ಜಿನ್ ಸುರಿದು ಉದ್ದನೆಯ ಚಮಚದಿಂದ ಹತ್ತು ಹನ್ನೆರಡು ಸುತ್ತು ತಿರುಗಿಸಿ, ಸೋಡಾವನ್ನು ಲೋಟದ ಅಂಚಿನಿಂದ ನಿಧಾನವಾಗಿ ಇಳಿಸಿ. ಕೊನೆಯಲ್ಲಿ ಪುದೀನದ ಒಂದು ಕುಡಿಯನ್ನು ಎರಡು ಅಂಗೈಗಳ ನಡುವೆ ಇಟ್ಟು ಒಮ್ಮೆ ತಟ್ಟಿ, ಕುಡಿಯುವಾಗ ಮೂಗಿಗೆ ತಾಗುವಂತೆ ಲೋಟದ ಬಾಯಿಯಲ್ಲಿ ನಿಲ್ಲಿಸಿ. ಇದು ಅಲಂಕಾರಕ್ಕಾಗಿ ಮಾಡುವ ಕೆಲಸವಲ್ಲ. ನಾವು ರುಚಿ ಎಂದುಕೊಳ್ಳುವುದರಲ್ಲಿ ಹೆಚ್ಚಿನ ಪಾಲು ಮೂಗಿನಿಂದಲೇ ಬರುತ್ತದೆಯಾದ್ದರಿಂದ, ಆ ಕುಡಿಯಿಲ್ಲದ ಲೋಟ ಅರ್ಧ ರುಚಿಯನ್ನು ಕಳೆದುಕೊಂಡಂತೆ.

ಸಕ್ಕರೆ ಪಾಕ ಎಷ್ಟು ಗಟ್ಟಿಯಾಗಿರಬೇಕು?

ಎಳೆ ಬರಬಾರದು. ಸಕ್ಕರೆ ಮತ್ತು ನೀರನ್ನು ಸಮ ಅಳತೆಯಲ್ಲಿ ಬೆರೆಸಿ, ಸಕ್ಕರೆ ಕರಗುವವರೆಗೆ ಮಾತ್ರ ಬಿಸಿ ಮಾಡಿ ಇಳಿಸಿದರೆ ಆಯಿತು. ಶುದ್ಧವಾದ ಸೀಸೆಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಟ್ಟರೆ ಎರಡು ವಾರ ಕೆಡದೆ ಉಳಿಯುತ್ತದೆ. ಸಕ್ಕರೆಯನ್ನೇ ನೇರವಾಗಿ ಲೋಟಕ್ಕೆ ಹಾಕುವವರಿದ್ದಾರೆ. ತಣ್ಣನೆಯ ದ್ರವದಲ್ಲಿ ಅದು ಬೇಗ ಕರಗದೆ ತಳದಲ್ಲಿ ಉಳಿದು, ಮೊದಲ ಗುಟುಕು ಹುಳಿಯಾಗಿ, ಕೊನೆಯ ಗುಟುಕು ಸಿಹಿಯಾಗಿ ಸಿಗುತ್ತದೆ.

ಎಲೆಗಳನ್ನು ಮಿಕ್ಸಿಯಲ್ಲಿ ರುಬ್ಬಿದರೆ ಹೆಚ್ಚು ಪರಿಮಳ ಬರುವುದಿಲ್ಲವೇ?

ಎಲ್ಲರೂ ಮಾಡುವ ಮೊದಲ ತಪ್ಪು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಪುದೀನ, ಕಾಮಕಸ್ತೂರಿಗಳ ಪರಿಮಳದ ತೈಲ ಎಲೆಯ ಒಳಗೆ ಆಳದಲ್ಲಿಲ್ಲ. ಎಲೆಯ ಮೇಲ್ಮೈಯಲ್ಲಿರುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಲ್ಲಿದೆ. ಬೆರಳಲ್ಲಿ ಉಜ್ಜಿದರೆ ಸಾಕು, ಅವು ಒಡೆದು ಪರಿಮಳ ಹೊರಬರುತ್ತದೆ. ಗಿಡದ ಪಕ್ಕದಲ್ಲಿ ಸೆರಗು ಸೋಕಿಸಿಕೊಂಡು ಹೋದರೂ ಪುದೀನ ಘಮ್ಮೆನ್ನುವುದು ಇದೇ ಕಾರಣಕ್ಕೆ. ಮಿಕ್ಸಿಯ ಬ್ಲೇಡು ಅಷ್ಟಕ್ಕೆ ನಿಲ್ಲದೆ ಎಲೆಯ ಕೋಶಗಳನ್ನೆಲ್ಲ ಹರಿದು ಹಾಕುತ್ತದೆ. ಆಗ ಹಸಿರು ವರ್ಣದ್ರವ್ಯವೂ, ಅದರ ಜೊತೆಗೆ ಒಗರು ಮತ್ತು ಕಹಿಯೂ ದ್ರವಕ್ಕೆ ಇಳಿಯುತ್ತವೆ. ಕೋಶದೊಳಗೆ ಬೇರೆ ಬೇರೆಯಾಗಿದ್ದ ಕಿಣ್ವಗಳು ಮತ್ತು ಫೀನಾಲ್‌ಗಳು ಗಾಳಿಯ ಜೊತೆ ಸೇರಿ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವಂತೆ ಪಾನೀಯವೂ ಕಂದು ಬಣ್ಣಕ್ಕೆ ತಿರುಗುತ್ತದೆ. ಚಟ್ನಿಯಲ್ಲಿ ತೆಂಗಿನಕಾಯಿ, ಹುಣಸೆ, ಮೆಣಸಿನಕಾಯಿಗಳು ಆ ಒಗರನ್ನು ಮುಚ್ಚುತ್ತವೆ. ತಿಳಿಯಾದ ಪಾನೀಯದಲ್ಲಿ ಅದನ್ನು ಮುಚ್ಚುವಂಥದ್ದು ಏನೂ ಇರುವುದಿಲ್ಲ. ನಾನು ಮೊದಲ ವರ್ಷ ಹನ್ನೆರಡು ಮಂದಿಗೆಂದು ಒಂದು ಕಟ್ಟು ಪುದೀನವನ್ನು ಪೂರ್ತಿ ರುಬ್ಬಿ ಮಾಡಿದ ಪಾನೀಯವನ್ನು ಅರ್ಧ ಗಂಟೆಯಲ್ಲಿ ಚೆಲ್ಲಬೇಕಾಯಿತು.

ಈ ಸೂತ್ರ ಎಳೆಯ, ಮೃದುವಾದ ಎಲೆಗಳಿಗೆ ಮಾತ್ರ. ಮಜ್ಜಿಗೆಹುಲ್ಲು, ಶುಂಠಿ, ರೋಸ್‌ಮೇರಿಯಂಥ ನಾರಿನ ಅಥವಾ ಗಟ್ಟಿ ಎಲೆಯ ಸಸ್ಯಗಳು ಬಿಸಿಯನ್ನು ತಡೆಯುತ್ತವೆ. ಅವುಗಳನ್ನು ಜಜ್ಜಿ ಪಾಕದಲ್ಲಿ ಕುದಿಸಿದಾಗಲೇ ಪರಿಮಳ ಪೂರ್ತಿಯಾಗಿ ಇಳಿಯುತ್ತದೆ.

ಪುದೀನ ಬಿಟ್ಟು ಬೇರೆ ಯಾವ ಸೊಪ್ಪುಗಳನ್ನು ಬಳಸಬಹುದು?

ನನಗೆ ಅತ್ಯಂತ ಪ್ರಿಯವಾದುದು ಕಾಮಕಸ್ತೂರಿ. ಇದರ ಬೀಜವನ್ನು ನೆನೆಸಿ ಶರಬತ್ತಿಗೆ ಹಾಕುವುದು ನಮ್ಮಲ್ಲಿ ಹಳೆಯ ರೂಢಿಯಾದರೂ ಎಲೆಯನ್ನು ಪಾನೀಯಕ್ಕೆ ಬಳಸುವವರು ಕಡಿಮೆ. ಜಿನ್ ತಯಾರಿಕೆಯಲ್ಲಿ ಜೂನಿಪರ್ ಕಾಯಿಯ ನಂತರ ಮುಖ್ಯವಾದ ಸಾಂಬಾರ ಪದಾರ್ಥವೆಂದರೆ ನಮ್ಮ ಸಾರಿನ ಪುಡಿಯ ಕೊತ್ತಂಬರಿ ಬೀಜ. ಕೊತ್ತಂಬರಿ ಬೀಜದ ತೈಲದಲ್ಲಿ ಹೇರಳವಾಗಿರುವ ಲಿನಲೂಲ್ ಎಂಬ ಪರಿಮಳ ದ್ರವ್ಯ ಕಾಮಕಸ್ತೂರಿಯ ಎಲೆಯಲ್ಲಿಯೂ ಇದೆ. ಹಾಗಾಗಿ ಜಿನ್ ಮತ್ತು ಕಾಮಕಸ್ತೂರಿ ಸೇರಿದಾಗ ಎರಡು ಬೇರೆ ರುಚಿಗಳು ಎನಿಸದೆ, ಒಂದೇ ಊರಿನವರು ಭೇಟಿಯಾದಂತೆ ಹೊಂದಿಕೊಳ್ಳುತ್ತವೆ.

ಮಜ್ಜಿಗೆಹುಲ್ಲಿನ ಬುಡದ ಬಿಳಿ ಭಾಗವನ್ನು ಜಜ್ಜಿ, 200 ಗ್ರಾಂ ಸಕ್ಕರೆ ಮತ್ತು 200 ಮಿ.ಲೀ. ನೀರಿಗೆ ಮೂರು ದಂಟಿನಂತೆ ಹಾಕಿ, ಐದು ನಿಮಿಷ ಕುದಿಸಿ, ಮುಚ್ಚಿಟ್ಟು ತಣಿಸಿ ಸೋಸಿದರೆ ಸೊಗಸಾದ ಪಾಕ ಸಿಗುತ್ತದೆ. ಸಬ್ಬಸಿಗೆ ಸೊಪ್ಪನ್ನು ಪಾನೀಯಕ್ಕೆ ಹಾಕುತ್ತೇನೆ ಎಂದರೆ ಎಲ್ಲರೂ ಹುಬ್ಬೇರಿಸುತ್ತಾರೆ. ಅಕ್ಕಿರೊಟ್ಟಿಗೆ ಹಾಕುವ ಅದೇ ಸೊಪ್ಪಿನ ಎರಡು ಎಳೆ ಕುಡಿಗಳನ್ನು ಸೌತೆಕಾಯಿ ಮತ್ತು ಚಿಟಿಕೆ ಉಪ್ಪಿನ ಜೊತೆ ಒತ್ತಿ, ಪುದೀನವನ್ನು ಪೂರ್ತಿ ಬಿಟ್ಟು ಒಮ್ಮೆ ಮಾಡಿ ನೋಡಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ. ದೊಡ್ಡಪತ್ರೆಗೆ ಓಮದಂಥ ಗಡಸು ವಾಸನೆಯಿರುವುದರಿಂದ ಒಂದು ಲೋಟಕ್ಕೆ ಅರ್ಧ ಎಲೆ ಸಾಕು. ಕರಿಬೇವಿನ ಮೂರು ಎಲೆಗಳನ್ನು ಒತ್ತದೆ, ಅಂಗೈಯಲ್ಲಿ ತಟ್ಟಿ ಹಾಕುವುದು ಒಳ್ಳೆಯದು. ಕೊತ್ತಂಬರಿ ಸೊಪ್ಪು ಕೆಲವರ ನಾಲಗೆಗೆ ಸಾಬೂನಿನಂತೆ ತೋರುತ್ತದೆಯಾದ್ದರಿಂದ ಬಂದವರನ್ನು ಕೇಳದೆ ಬಳಸಬೇಡಿ.

ಮರುಗ ಮತ್ತು ದವನದ ಬಗ್ಗೆ ಒಂದು ಎಚ್ಚರಿಕೆ. ಎರಡೂ ಮನಸೋಲಿಸುವ ಪರಿಮಳದವೇ. ಆದರೆ ಗಾಂಧಿ ಬಜಾರಿನಲ್ಲಿಯೋ ಕೆ.ಆರ್. ಮಾರುಕಟ್ಟೆಯಲ್ಲಿಯೋ ಹೂವಿನ ಜೊತೆ ಮಾರುವ ಕಟ್ಟುಗಳು ಮುಡಿಯಲು ಮತ್ತು ಪೂಜೆಗೆಂದು ಬೆಳೆದವು, ತಿನ್ನಲೆಂದಲ್ಲ. ಅವುಗಳಿಗೆ ಏನು ಸಿಂಪಡಿಸಿದ್ದಾರೆಂದು ನಮಗೆ ತಿಳಿಯುವುದಿಲ್ಲ. ಮರುಗ ಬೇಕೇಬೇಕೆಂದರೆ ಸ್ವಂತ ಕುಂಡದಲ್ಲಿ ಬೆಳೆದುಕೊಳ್ಳಿ.

ತುಳಸಿಯನ್ನು ಹಾಕಬಹುದೇ?

ರುಚಿಯ ದೃಷ್ಟಿಯಿಂದ ಹೊಂದುತ್ತದೆ. ಆದರೂ ಕಟ್ಟೆಯಲ್ಲಿಟ್ಟು ದೀಪ ಹಚ್ಚುವ ಗಿಡದ ಎಲೆಯನ್ನು ಮದ್ಯಕ್ಕೆ ಹಾಕುವುದು ಅನೇಕ ಮನೆಗಳಲ್ಲಿ ಹಿರಿಯರ ಮನಸ್ಸಿಗೆ ನೋವಾಗುವ ವಿಷಯ, ನನ್ನ ಮನಸ್ಸೂ ಒಪ್ಪುವುದಿಲ್ಲ. ಅದೇ ಕುಲಕ್ಕೆ ಸೇರಿದ ಕಾಮಕಸ್ತೂರಿ ಇರುವಾಗ ಅದರ ಅಗತ್ಯವೂ ಬೀಳುವುದಿಲ್ಲ. ಮದ್ಯವಿಲ್ಲದ ಪಾನಕಕ್ಕೆ ತುಳಸಿಯ ನಾಲ್ಕು ದಳ ಹಾಕಲು ಯಾವ ಅಡ್ಡಿಯೂ ಇಲ್ಲ.

ಯಾವ ಮದ್ಯ ಸೂಕ್ತ?

ಜಿನ್ ಮೊದಲನೆಯದು, ಅದು ಸ್ವತಃ ಬೇರು, ಬೀಜ, ಸಿಪ್ಪೆಗಳ ಪರಿಮಳ ಹೀರಿಕೊಂಡು ತಯಾರಾದ ಮದ್ಯ. ಬೆಲ್ಲ, ಶುಂಠಿ, ಮಜ್ಜಿಗೆಹುಲ್ಲಿನ ಪಾನಕಕ್ಕೆ ರಮ್ ಹೆಚ್ಚು ಒಗ್ಗುತ್ತದೆ. ಬೆಲ್ಲವೂ ರಮ್ಮೂ ಕಬ್ಬಿನ ಮಕ್ಕಳೇ ಅಲ್ಲವೇ. ವೋಡ್ಕಾಗೆ ತನ್ನದೇ ಆದ ಗುಣ ಕಡಿಮೆಯಿರುವುದರಿಂದ, ಹೊಸ ಸೊಪ್ಪೊಂದರ ರುಚಿ ಹೇಗಿದೆ ಎಂದು ಪರೀಕ್ಷಿಸುವಾಗ ಅದು ಅನುಕೂಲ. ಭೌಗೋಳಿಕ ಗುರುತು ಪಡೆದಿರುವ ದೇವನಹಳ್ಳಿಯ ಚಕ್ಕೋತ ಸಿಕ್ಕಿದರೆ ಅದರ ರಸಕ್ಕೆ ಟಕೀಲಾ ಮತ್ತು ಚಿಟಿಕೆ ಉಪ್ಪು ಸೇರಿಸಿ, ನಿಂಬೆಯನ್ನು ಅರ್ಧಕ್ಕೆ ಇಳಿಸಿ. ವಿಸ್ಕಿಯನ್ನು ಸೌತೆಕಾಯಿ, ಪುದೀನಗಳ ಹತ್ತಿರ ತರಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಕ್ಕರೆಯ ಬದಲು ಬೆಲ್ಲ ಅಥವಾ ಜೇನುತುಪ್ಪ ಬಳಸಬಹುದೇ? ನಿಂಬೆಯ ಬದಲು ಮಾವಿನಕಾಯಿ?

ಬೆಲ್ಲವನ್ನು ಕರಗಿಸಿ ಸೋಸಿ ಬಳಸಬಹುದು. ಬಣ್ಣ ಕಂದಾಗುತ್ತದೆ, ಸೌತೆಕಾಯಿಯ ನವಿರು ರುಚಿ ಹಿಂದೆ ಸರಿಯುತ್ತದೆ. ಆದ್ದರಿಂದ ಬೆಲ್ಲಕ್ಕೆ ಶುಂಠಿ ಮತ್ತು ಏಲಕ್ಕಿಯ ಜೊತೆಯನ್ನು ಕೊಡಿ. ಜೇನುತುಪ್ಪವನ್ನು ಸಮ ಪ್ರಮಾಣದ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿಕೊಳ್ಳದಿದ್ದರೆ ಐಸ್ ತಾಗಿದೊಡನೆ ಗಟ್ಟಿಯಾಗಿ ತಳ ಸೇರುತ್ತದೆ.

ಮಾವಿನಕಾಯಿಯಂತೂ ಬೆಂಗಳೂರಿನ ಬೇಸಿಗೆಗೆ ನಿಂಬೆಗಿಂತಲೂ ಹತ್ತಿರದ ಹುಳಿ. ತೋತಾಪುರಿ ಕಾಯಿಯನ್ನು ಬೇಯಿಸಿ, ತಿರುಳನ್ನು ಕಿವುಚಿ, ಬೆಲ್ಲ ಮತ್ತು ಹುರಿದ ಜೀರಿಗೆಯ ಪುಡಿ ಬೆರೆಸಿಟ್ಟುಕೊಂಡು, ಲೋಟಕ್ಕೆ ನಿಂಬೆರಸದ ಬದಲು ಮೂರು ದೊಡ್ಡ ಚಮಚ ಹಾಕಿ ಪುದೀನದೊಡನೆ ಒತ್ತಿ. ಏಪ್ರಿಲ್‌ನಲ್ಲಿ ಮಾವಿನ ಮಳೆ ಬಿದ್ದು, ಗಾಳಿಗೆ ಉದುರಿದ ಕಾಯಿಗಳು ಅಗ್ಗಕ್ಕೆ ಸಿಗುವ ವಾರದಲ್ಲಿ ನಮ್ಮ ಮನೆಯಲ್ಲಿ ಬೇರೆ ಪಾನೀಯ ಮಾಡುವುದೇ ಇಲ್ಲ.

ತಾರಸಿಯ ಕುಂಡಗಳಲ್ಲಿ ಈ ಗಿಡಗಳನ್ನು ಬೆಳೆಸುವುದು ಹೇಗೆ?

ಪುದೀನಕ್ಕೆ ಬೀಜ ಕೊಳ್ಳಬೇಕಾಗಿಲ್ಲ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ಗಟ್ಟಿಯಾದ ನಾಲ್ಕು ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆಗಳನ್ನು ಕಿತ್ತು, ನೀರಿನ ಲೋಟದಲ್ಲಿ ಇಟ್ಟರೆ ಒಂದು ವಾರ ಹತ್ತು ದಿನಗಳಲ್ಲಿ ಬೇರು ಬಿಡುತ್ತವೆ. ಇದರ ಬೇರು ಆಳಕ್ಕಿಂತ ಅಡ್ಡಕ್ಕೆ ಹರಡುವುದರಿಂದ ಅಗಲ ಬಾಯಿಯ ಕುಂಡ ಬೇಕು, ಮತ್ತು ಬೇರೆ ಗಿಡದ ಜೊತೆ ನೆಟ್ಟರೆ ಅದರ ಜಾಗವನ್ನೂ ತಾನೇ ಆಕ್ರಮಿಸುವುದರಿಂದ ಒಂಟಿಯಾಗಿಯೇ ಇಡಬೇಕು. ಕೆಂಪುಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರಗಳ ಸಮ ಮಿಶ್ರಣ ಸಾಕಾಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ತಾಗದ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಮೂಲೆಯೇ ಇದಕ್ಕೆ ಪ್ರಶಸ್ತ.

ಕಾಮಕಸ್ತೂರಿಗೆ ಹೆಚ್ಚು ಬಿಸಿಲು ಬೇಕು. ಹೂವಿನ ತೆನೆ ಮೂಡಿದೊಡನೆ ಚಿವುಟಬೇಕು. ಹೂವು ಬಿಟ್ಟ ಗಿಡ ಎಲೆಯನ್ನು ಮರೆತು ಬೀಜದ ಕಡೆಗೆ ಹೊರಳುತ್ತದೆ, ಎಲೆ ಸಣ್ಣದಾಗಿ ಕಟುವಾಗುತ್ತದೆ. ಮಜ್ಜಿಗೆಹುಲ್ಲಿನ ಬುಡವಿರುವ ದಂಟು ಸಿಕ್ಕರೆ ಅದೂ ನೀರಿನಲ್ಲಿಯೇ ಬೇರು ಬಿಡುತ್ತದೆ. ದೊಡ್ಡಪತ್ರೆಯ ತುಂಡನ್ನು ಮಣ್ಣಿಗೆ ಚುಚ್ಚಿದರೆ ಬದುಕುತ್ತದೆ. ರೋಸ್‌ಮೇರಿಗೆ ನಮ್ಮ ಊರಿನ ಹವೆ ಹಿಡಿಸುತ್ತದೆಯಾದರೂ ಬುಡದಲ್ಲಿ ನೀರು ನಿಂತರೆ ಉಳಿಯುವುದಿಲ್ಲ; ನನ್ನ ಎರಡು ಗಿಡಗಳು ಬೇಸಿಗೆಯನ್ನು ಗೆದ್ದು ಜುಲೈ ಮಳೆಯಲ್ಲಿ ಕೊಳೆತುಹೋದವು, ಆಮೇಲಿನಿಂದ ಅದರ ಕುಂಡಕ್ಕೆ ಅರ್ಧ ಭಾಗ ಮರಳು ಬೆರೆಸಿ ಸೂರಿನ ಕೆಳಗೆ ಇಡುತ್ತಿದ್ದೇನೆ. ಸಸಿಗಳು ಬೇಕೆಂದರೆ ಲಾಲ್‌ಬಾಗ್‌ನ ಸಸ್ಯ ಮಾರಾಟ ಕೇಂದ್ರದಲ್ಲಿ ವಿಚಾರಿಸಬಹುದು. ನರ್ಸರಿಯಿಂದ ತಂದ ಗಿಡದ ಹಳೆಯ ಎಲೆಗಳನ್ನು ಮೊದಲ ಮೂರು ವಾರ ತಿನ್ನಲು ಬಳಸದೆ, ಹೊಸ ಚಿಗುರಿಗಾಗಿ ಕಾಯಿರಿ.

ನೀರಿನ ಮಾತು ಬೇರೆ ಹೇಳಲೇಬೇಕು. 2024ರ ಬೇಸಿಗೆಯಲ್ಲಿ ನಗರ ತೀವ್ರ ಕೊರತೆಯನ್ನು ಕಂಡಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಜಲಮಂಡಳಿ ಆದೇಶಿಸಿತ್ತು. ಆ ವರ್ಷ ನಮ್ಮ ಗಿಡಗಳು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿನಲ್ಲಿಯೇ ಉಳಿದವು, ಈಗಲೂ ಅದೇ ಪದ್ಧತಿಯನ್ನು ಮುಂದುವರಿಸಿದ್ದೇವೆ. ಕುಂಡದ ಮೇಲ್ಮಣ್ಣಿಗೆ ಒಣ ಎಲೆಯ ಹೊದಿಕೆ ಹಾಕಿದರೆ ತೇವ ಬೇಗ ಆರುವುದಿಲ್ಲ.

ಎಲೆಗಳನ್ನು ಯಾವ ಹೊತ್ತಿನಲ್ಲಿ ಕೊಯ್ಯಬೇಕು, ಹೇಗೆ ಕಾಪಾಡಬೇಕು?

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ. ಪುದೀನದ ಕಡ್ಡಿಗಳನ್ನು ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಡಿ. ಕಾಮಕಸ್ತೂರಿಗೆ ಮಾತ್ರ ಫ್ರಿಜ್ ಆಗದು. ಹೆಚ್ಚಿನ ತಂಪಿಗೆ ಅದರ ಎಲೆಗಳು ಒಂದೇ ದಿನದಲ್ಲಿ ಕಪ್ಪಾಗುತ್ತವೆ. ಹೂದಾನಿಯಲ್ಲಿ ಹೂವಿಟ್ಟಂತೆ ಅದನ್ನು ನೀರಿನ ಲೋಟದಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಇಡಿ.

ಮಾರುಕಟ್ಟೆಯ ಸೊಪ್ಪಾದರೆ ದೊಡ್ಡ ಪಾತ್ರೆಯ ಉಪ್ಪುನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಮಣ್ಣು ತಳಕ್ಕೆ ಇಳಿದ ಮೇಲೆ ಸೊಪ್ಪನ್ನು ಮೇಲಿನಿಂದ ಎತ್ತಿಕೊಂಡು, ಮತ್ತೆರಡು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ನೀರನ್ನು ಬಗ್ಗಿಸಲು ಹೋದರೆ ಮಣ್ಣು ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ಇದನ್ನು ಬೇಯಿಸದೆ ಕುಡಿಯುವುದರಿಂದ ಈ ಕೆಲಸದಲ್ಲಿ ಆತುರ ಸಲ್ಲದು.

ಶೇಕರ್, ಅಳತೆಯ ಲೋಟ ಇತ್ಯಾದಿ ಸಲಕರಣೆಗಳನ್ನು ಕೊಳ್ಳಬೇಕೇ?

ಬೇಕಿಲ್ಲ. ಒತ್ತಲು ಲಟ್ಟಣಿಗೆಯ ತುದಿ, ಸೋಸಲು ಚಹಾದ ಜಾಲರಿ, ಕುಲುಕಲು ಬಿಗಿಯಾದ ಮುಚ್ಚಳದ ಉಪ್ಪಿನಕಾಯಿ ಸೀಸೆ ಸಾಕು; ಸೀಸೆಯ ಹಳೆಯ ವಾಸನೆ ಹೋಗಿದೆಯೇ ಎಂದು ನೋಡಿಕೊಳ್ಳಿ. ಅಳತೆಗೆ ದೊಡ್ಡ ಚಮಚ 15 ಮಿ.ಲೀ., ಚಹಾ ಚಮಚ 5 ಮಿ.ಲೀ. ಎಂದಿಟ್ಟುಕೊಳ್ಳಬಹುದು. ಸೋಡಾವನ್ನು ಮುಚ್ಚಿದ ಸೀಸೆಯಲ್ಲಿ ಹಾಕಿ ಕುಲುಕಬಾರದು. ಒತ್ತಡ ಹೆಚ್ಚಿ ಮುಚ್ಚಳ ಸಿಡಿಯುತ್ತದೆ.

ನನ್ನ ಪಾನೀಯ ಬೇಗ ನೀರುನೀರಾಗುತ್ತದೆ. ಐಸ್ ಕಡಿಮೆ ಹಾಕಬೇಕೇ?

ಹೆಚ್ಚು ಹಾಕಬೇಕು. ಎರಡೇ ತುಂಡು ಐಸ್ ಹಾಕಿದರೆ ಅವು ಪಾನೀಯವನ್ನು ತಣಿಸಲು ಹೋಗಿ ತಾವೇ ಪೂರ್ತಿ ಕರಗುತ್ತವೆ. ಲೋಟ ತುಂಬ ಹಾಕಿದರೆ ಪಾನೀಯ ಕೂಡಲೇ ತಣ್ಣಗಾಗಿ, ಉಳಿದ ಐಸ್ ನಿಧಾನವಾಗಿ ಕರಗುತ್ತದೆ. ಇದರ ಜೊತೆಗೆ ಲೋಟ, ಜಿನ್, ಪಾಕ, ಸೋಡಾ ಎಲ್ಲವೂ ಮೊದಲೇ ಫ್ರಿಜ್‌ನಲ್ಲಿ ತಣಿದಿರಲಿ. ಬೆಚ್ಚಗಿನ ದ್ರವದಲ್ಲಿ ಅನಿಲ ನಿಲ್ಲುವುದಿಲ್ಲವಾದ್ದರಿಂದ, ಬಿಸಿಲಲ್ಲಿಟ್ಟಿದ್ದ ಸೋಡಾವನ್ನು ಸುರಿದರೆ ನೊರೆಯೆದ್ದು ಗುಳ್ಳೆಗಳೆಲ್ಲ ಹೋಗಿಬಿಡುತ್ತವೆ. ಕೊಳವೆಬಾವಿಯ ಗಡಸು ನೀರಿನ ರುಚಿ ಐಸ್‌ನಲ್ಲಿಯೂ ಉಳಿಯುತ್ತದೆ. ಕುಡಿಯುವ ನೀರಿನಿಂದಲೇ ಐಸ್ ಮಾಡಿ. ಗೋಲಿ ಸೋಡಾ ಸಿಗುವ ಅಂಗಡಿ ಹತ್ತಿರದಲ್ಲಿದ್ದರೆ ಸಿಹಿಯಿಲ್ಲದ ಸಾದಾ ಸೋಡಾವನ್ನೇ ಕೇಳಿ ಪಡೆಯಿರಿ.

ಹೂವುಗಳಿಂದ ಅಲಂಕರಿಸಬಹುದೇ?

ತಿನ್ನಲು ಯೋಗ್ಯವೆಂದು ಖಚಿತವಾಗಿ ಗೊತ್ತಿರುವ, ನೀವೇ ಬೆಳೆದ ಹೂವಾದರೆ ಮಾತ್ರ. ಶಂಖಪುಷ್ಪ ಇದಕ್ಕೆ ಹೇಳಿ ಮಾಡಿಸಿದ ಹೂವು. ಐದಾರು ನೀಲಿ ಹೂಗಳನ್ನು ಬಿಸಿನೀರಿನಲ್ಲಿ ನೆನೆಸಿ, ತಣಿಸಿ, ಐಸ್ ಮಾಡಿಟ್ಟರೆ ಅದು ಕರಗುತ್ತ ನಿಂಬೆಯ ಹುಳಿ ತಾಗಿದಂತೆ ನೀಲಿಯಿಂದ ನೇರಳೆಗೆ ತಿರುಗುತ್ತದೆ. ಕಣಗಿಲೆಯ ಎಲೆ, ಹೂವು ಎರಡೂ ವಿಷ, ಉಮ್ಮತ್ತಿಯೂ ಹಾಗೆಯೇ. ಇವು ಪಾನೀಯದ ತಟ್ಟೆಯ ಪಕ್ಕದಲ್ಲಿಯೂ ಇರಬಾರದು.

ಎಂಟು ಮಂದಿಗೆ ಒಟ್ಟಿಗೆ ಮಾಡುವುದು ಹೇಗೆ?

ಮಧ್ಯಾಹ್ನವೇ 160 ಮಿ.ಲೀ. ಪಾಕವನ್ನು ಉಗುರುಬೆಚ್ಚಗೆ ಮಾಡಿ, ಅದರಲ್ಲಿ ಎರಡು ಹಿಡಿ ಪುದೀನ ಮತ್ತು ಒಂದು ಹಿಡಿ ಕಾಮಕಸ್ತೂರಿಯನ್ನು ಕೈಯಲ್ಲೇ ಹಗುರವಾಗಿ ಹಿಸುಕಿ ಹಾಕಿ, ಇಪ್ಪತ್ತು ನಿಮಿಷಗಳ ನಂತರ ಎಲೆಗಳನ್ನು ತೆಗೆದುಬಿಡಿ. ಹೆಚ್ಚು ಹೊತ್ತು ಬಿಟ್ಟರೆ ಒಗರು ಇಳಿಯುತ್ತದೆ. ಒಂದು ದೊಡ್ಡ ಸೌತೆಕಾಯಿಯನ್ನು ತುರಿದು ಹಿಂಡಿದ ರಸವನ್ನೂ, 160 ಮಿ.ಲೀ. ನಿಂಬೆರಸವನ್ನೂ ಸೇರಿಸಿ ಹೂಜಿಯಲ್ಲಿ ತಣಿಯಲು ಇಡಿ. ನಿಂಬೆರಸ ಹಿಂಡಿದ ದಿನವೇ ಮುಗಿಯಬೇಕು, ಮರುದಿನಕ್ಕೆ ಅದರ ತಾಜಾತನ ಉಳಿಯುವುದಿಲ್ಲ. ಜಿನ್ ಸೀಸೆ ಪ್ರತ್ಯೇಕವಾಗಿರಲಿ. ಎಂಟು ಲೋಟಕ್ಕೆ 360 ಮಿ.ಲೀ. ಸಾಕು, ಅಂದರೆ 750 ಮಿ.ಲೀ. ಸೀಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಹೂಜಿಗೇ ಮದ್ಯ ಬೆರೆಸುವುದು ಸುಲಭವೆನಿಸಿದರೂ ಹಾಗೆ ಮಾಡಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ, ಕುಡಿಯದ ಅತ್ತೆ ಮಾವಂದಿರಿರುತ್ತಾರೆ, ವಾಹನ ಓಡಿಸಬೇಕಾದವರಿರುತ್ತಾರೆ. ಯಾವ ಹೂಜಿಯಲ್ಲಿ ಏನಿದೆ ಎಂಬ ಗೊಂದಲ ಒಮ್ಮೆಯೂ ಆಗಬಾರದು. ಎಲ್ಲರ ಕೈಗೂ ಒಂದೇ ಪಾನಕ ಬರುವಾಗ, ಕುಡಿಯದವರು ತಾವು ಬೇರೆಯವರೆಂಬ ಮುಜುಗರವನ್ನೂ ಪಡಬೇಕಾಗುವುದಿಲ್ಲ.

ಮದ್ಯವಿಲ್ಲದ ಲೋಟಕ್ಕೆ ಅಳತೆಯನ್ನು ಬದಲಿಸಬೇಕೇ?

ಸ್ವಲ್ಪ. ಮದ್ಯದ ಕಟು ಇಲ್ಲದಿದ್ದಾಗ ಸಿಹಿ ಹೆಚ್ಚು ಎದ್ದು ಕಾಣುವುದರಿಂದ ಪಾಕವನ್ನು 15 ಮಿ.ಲೀ.ಗೆ ಇಳಿಸಿ, ಒಂದು ಚಹಾ ಚಮಚ ಹಸಿಶುಂಠಿಯ ರಸವನ್ನು ಸೇರಿಸಿ. ಗಂಟಲಲ್ಲಿ ಆಗುವ ಆ ಸಣ್ಣ ಉರಿ ಪಾನೀಯಕ್ಕೆ ಬೇಕಾದ ಗಾಂಭೀರ್ಯವನ್ನು ತಂದುಕೊಡುತ್ತದೆ.

ಒಂದು ಲೋಟದಲ್ಲಿ ಎಷ್ಟು ಆಲ್ಕೋಹಾಲ್ ಇರುತ್ತದೆ? ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಜಿನ್, ರಮ್, ವೋಡ್ಕಾಗಳಲ್ಲಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಆ ಲೆಕ್ಕದಲ್ಲಿ 30 ಮಿ.ಲೀ.ಯ ಒಂದು ಸ್ಮಾಲ್‌ನಲ್ಲಿ ಸುಮಾರು 10 ಗ್ರಾಂ, ಮೇಲೆ ಹೇಳಿದ 45 ಮಿ.ಲೀ. ಲೋಟದಲ್ಲಿ ಸುಮಾರು 15 ಗ್ರಾಂ ಶುದ್ಧ ಆಲ್ಕೋಹಾಲ್ ದೇಹಕ್ಕೆ ಸೇರುತ್ತದೆ. ಸಿಹಿ ಹುಳಿಗಳ ಮರೆಯಲ್ಲಿ ಇದರ ಅರಿವಾಗುವುದಿಲ್ಲ ಎಂಬುದೇ ಇಂಥ ಪಾನೀಯಗಳ ಅಪಾಯ. ಆದ್ದರಿಂದ ಕಣ್ಣಳತೆಯಲ್ಲಿ ಸುರಿಯದೆ ಅಳೆದೇ ಹಾಕಿ, ಒಂದು ಎರಡಕ್ಕೆ ನಿಲ್ಲಿಸಿ.

ಕರ್ನಾಟಕದ ಅಬಕಾರಿ ನಿಯಮಗಳ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ, ಮನೆಯಲ್ಲಿಯೂ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ಓಡಿಸಿದರೆ ಮೊದಲ ಸಲಕ್ಕೇ ಆರು ತಿಂಗಳವರೆಗಿನ ಸೆರೆ, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಒಂದೇ ಲೋಟ ಕುಡಿದೆನೆಂದು ಸ್ಕೂಟರ್ ಹತ್ತಬೇಡಿ. ಗರ್ಭಿಣಿಯರಿಗೆ ಮದ್ಯ ಸಲ್ಲದು. ಔಷಧ ಸೇವಿಸುತ್ತಿರುವವರು ವೈದ್ಯರನ್ನು ಕೇಳಬೇಕು. ಕೆಲವು ಔಷಧಗಳಿಗೆ ಮದ್ಯ ಮಾತ್ರವಲ್ಲ, ಚಕ್ಕೋತವೂ ಆಗಿಬರುವುದಿಲ್ಲ.

ಇದನ್ನು ಕುಡಿದರೆ ದೇಹ ನಿಜವಾಗಿ ತಂಪಾಗುತ್ತದೆಯೇ?

ಐಸ್, ನಿಂಬೆ, ಸೌತೆಕಾಯಿಗಳಿಂದ ಹಾಯೆನಿಸುತ್ತದೆ ಎಂಬುದು ನಿಜ. ಆದರೆ ಆಲ್ಕೋಹಾಲ್ ದೇಹದ ನೀರನ್ನು ಹಿಡಿದಿಡುವ ಹಾರ್ಮೋನನ್ನು ತಗ್ಗಿಸಿ ಮೂತ್ರವನ್ನು ಹೆಚ್ಚಿಸುವುದರಿಂದ, ಬಿಸಿಲಿನಲ್ಲಿ ಬೆವರಿ ಬಂದವರಿಗೆ ಅದು ಬಾಯಾರಿಕೆಯ ಮದ್ದಲ್ಲ. ಮೊದಲು ಎರಡು ಲೋಟ ನೀರು ಅಥವಾ ನೀರುಮಜ್ಜಿಗೆ ಕುಡಿದು, ಹೊತ್ತು ಇಳಿದ ಮೇಲೆ, ಹೊಟ್ಟೆಗೆ ಏನಾದರೂ ಹಾಕಿಕೊಂಡು ಕುಡಿಯಿರಿ. ಕೋಸಂಬರಿ, ನಿಪ್ಪಟ್ಟು, ಕಾಂಗ್ರೆಸ್ ಕಡಲೆಬೀಜ ಇವು ಚೆನ್ನಾಗಿ ಹೊಂದುತ್ತವೆ; ಹೆಸರುಬೇಳೆ ಕೋಸಂಬರಿಯಂತೂ ಇದರ ಒಡಹುಟ್ಟಿದಂತಿದೆ.

ತಾರಸಿಯ ಮೇಲೆ ಬಿಸಿಲಿನಲ್ಲಿ ನಿಂಬೆ ಹಿಂಡಿದ ಮೇಲೆ ಕೈಮೇಲೆ ಕಪ್ಪು ಕಲೆಗಳಾದವು. ಏಕೆ?

ನಿಂಬೆಯ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ದ್ರವ್ಯಗಳು ಚರ್ಮದ ಮೇಲಿದ್ದಾಗ ಬಿಸಿಲು ತಾಗಿದರೆ ಸುಟ್ಟಂತೆ ಕೆಂಪಾಗಿ, ಗುಳ್ಳೆಯೆದ್ದು, ವಾರಗಟ್ಟಲೆ ಉಳಿಯುವ ಕಪ್ಪು ಕಲೆಯಾಗುತ್ತದೆ. ನಿಂಬೆಯನ್ನು ಒಳಗೇ ಹಿಂಡಿ, ಸಾಬೂನಿನಿಂದ ಕೈ ತೊಳೆದುಕೊಂಡೇ ಹೊರಗೆ ಬನ್ನಿ. ಗುಳ್ಳೆ ದೊಡ್ಡದಾಗಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಉಳಿದ ಕಡ್ಡಿ, ಸಿಪ್ಪೆಗಳನ್ನು ಏನು ಮಾಡುವುದು?

ಎಲೆ ಬಿಡಿಸಿದ ಪುದೀನದ ಗಟ್ಟಿ ಕಡ್ಡಿಗಳು ಮತ್ತೆ ನೀರಿನ ಲೋಟಕ್ಕೆ ಹೋಗಲಿ; ಹತ್ತು ದಿನಗಳಲ್ಲಿ ಅವು ಬೇರು ಬಿಟ್ಟು ಇನ್ನೊಂದು ಕುಂಡಕ್ಕೆ ನೆಡಲು ಸಿದ್ಧವಾಗುತ್ತವೆ. ಹಿಂಡಿದ ನಿಂಬೆಯ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಉಪ್ಪಿನಕಾಯಿಗೆ ಆಗುತ್ತದೆ. ಪಾಕ ಅಂಟಿದ ಎಲೆ ಮತ್ತು ಸೌತೆಕಾಯಿಯ ಚರಟವನ್ನು ನೇರವಾಗಿ ಕುಂಡಕ್ಕೆ ಹಾಕಿದರೆ ಇರುವೆ ಮುತ್ತುತ್ತದೆ. ಒಮ್ಮೆ ನೀರಿನಲ್ಲಿ ಜಾಲಿಸಿ ಗೊಬ್ಬರದ ಡಬ್ಬಿಗೆ ಹಾಕಿ, ಜಾಲಿಸಿದ ನೀರನ್ನು ಮಜ್ಜಿಗೆಹುಲ್ಲಿನ ಬುಡಕ್ಕೆ ಸುರಿಯಿರಿ.